ಹಾಡು ಕಟ್ಟಿದವರು

ಶ್ರಾವಣ, ನವರಾತ್ರಿ ಬಂತೆಂದರೆ ಮೈಸೂರಿನ ಬೋಗಾದಿಯ ಬಡಾವಣೆಗಳಲ್ಲಿ ಹೆಂಗಸರ ಭಜನೆಗೆ ಬಿಡುವಿಲ್ಲ. ದೇವರ ಪದಗಳನ್ನು ಕಟ್ಟಿದ ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇಂದಿಗೂ ಜೀವಂತವಾಗಿರುವುದು ಇಂಥ ನಡುಮನೆಗಳಲ್ಲೇ. ಊರೊಳಗಿನ ಸಭೆಗಳ ಕಛೇರಿಯಲ್ಲಿ ಅವರ ಪದ ಕಿವಿಗೆ ಬೀಳುವುದು ಅಪರೂಪ. ಬಿದ್ದರೂ ಮಂಗಳಕ್ಕೆ ಮುಂಚಿನ ಐದು ನಿಮಿಷದಲ್ಲಿ.

ಮೈಸೂರಿಗೆ ಸಾಹಿತ್ಯ, ಮಟ್ಟು ಎರಡನ್ನೂ ಕಟ್ಟುವ ವಾಗ್ಗೇಯಕಾರರ ಮೇಲೆ ಅಭಿಮಾನವಿಲ್ಲವೆಂದಲ್ಲ. ವಾಸುದೇವಾಚಾರ್ಯರಿದ್ದಾರೆ, ಜಯಚಾಮರಾಜ ಒಡೆಯರ 94 ಕೃತಿಗಳಿವೆ. ಹೆಣ್ಣನ್ನೂ ಮರೆತಿಲ್ಲ, ಇಲ್ಲಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿದೆ. ಆದರೆ ಅದು ಹಾಡಿದವರಿಗೆ ಸಂದ ಗೌರವ. ಹಾಡು ಕಟ್ಟಿದವಳಿಗೆ ‘ಭಕ್ತೆ’ ಎಂದು ಕೈಮುಗಿದು, ಬದಿಗೆ ಕೂರಿಸಿದ್ದೇವೆ.

ಗಿರಿಯಮ್ಮ, ಭೀಮವ್ವರ ಪದಗಳ ಮೂಲ ಮಟ್ಟು ಉಳಿದಿಲ್ಲ, ಬರೀ ಸಾಹಿತ್ಯದಿಂದ ವಾಗ್ಗೇಯಕಾರ್ತಿ ಎನ್ನಲಾದೀತೆ ಎಂಬ ತಕರಾರಿದೆ. ಪುರಂದರದಾಸರ ದೇವರನಾಮಗಳ ಮೂಲ ಮಟ್ಟೂ ಬಹುಪಾಲು ಉಳಿದಿಲ್ಲ. ಅವರನ್ನು ಸಂಗೀತ ಪಿತಾಮಹ ಎನ್ನಲು ಅದು ಅಡ್ಡಿಯಾಗಲಿಲ್ಲವಲ್ಲ!

18ನೇ ಶತಮಾನದ ಗಿರಿಯಮ್ಮ ರಾಣೆಬೆನ್ನೂರಿನವಳು. ಆಕೆಯ ‘ಚಂದ್ರಹಾಸನ ಕಥೆ’ ಕಛೇರಿಯ ಅಳತೆಗೋಲಿಗೆ ಸಿಕ್ಕರೆ ಸೋಲುತ್ತದೆ. ಪಲ್ಲವಿಯನ್ನು ಸಂಗತಿಗಳಲ್ಲಿ ಬೆಳೆಸುವ ಕುಸುರಿ ಅದರ ದಾರಿಯಲ್ಲ. ಧಾಟಿ ಮರಳಿ ಮರಳಿ ಬರುತ್ತದೆ, ಕಥೆ ಮುಂದೆ ಸಾಗುತ್ತದೆ. ಕಾಗದ ತಿದ್ದಿ ಗಂಡಿನ ಪ್ರಾಣ ಉಳಿಸುವ ವಿಷಯೆ ಎಂಬ ಹುಡುಗಿಯ ಕಥೆಯನ್ನು ಹೆಣ್ಣೊಬ್ಬಳ ಬಾಯಲ್ಲಿ ಕೇಳುವ ರುಚಿಯೇ ಬೇರೆ. ಸುಮ್ಮನೆ ಕೂತು ಕೇಳುವವರಿಗೆ ಅಲ್ಲಲ್ಲಿ ಎಳೆದಂತಾಗುವುದೂ ನಿಜ. ಜೊತೆಗೂಡಿ ಹಾಡುವವರಿಗೆ ಹಾಗನ್ನಿಸದು. ಇದು ಹಾಡುವವರಿಗಾಗಿಯೇ ಕಟ್ಟಿದ ರಚನೆ. ಕೇಳುಗರನ್ನಷ್ಟೇ ನೆನೆದು ಬೆಲೆ ಕಟ್ಟುವ ವಿಮರ್ಶೆ ಇಲ್ಲಿ ಎಡವುತ್ತದೆ. 1903ರಲ್ಲಿ ತೀರಿಕೊಂಡ ಭೀಮವ್ವ ‘ಭೀಮೇಶಕೃಷ್ಣ’ ಅಂಕಿತದಲ್ಲಿ ಕಟ್ಟಿದ ಪದಗಳಿಗೂ ಈ ಮಾತು ಸಲ್ಲುತ್ತದೆ.

ಹಾಡು ಕಟ್ಟಿದವರ ಪಾಡು ಇದಾದರೆ, ವಾದ್ಯವೃಂದ ನಡೆಸುವ ಹೆಣ್ಣುಗಳಂತೂ ಇನ್ನೂ ವಿರಳ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಶ್ರುತಿ ಬೇರೆಬೇರೆಯಾದ ಘಟಗಳನ್ನು ಸುತ್ತ ಜೋಡಿಸಿ ಘಟತರಂಗ ನುಡಿಸಿದರು, ‘ಸ್ತ್ರೀ ತಾಳ ತರಂಗ’ ಎಂಬ ಮಹಿಳಾ ತಂಡ ಕಟ್ಟಿ ಮುನ್ನಡೆಸಿದರು. ಪಶ್ಚಿಮವೂ ಬೀಗಬೇಕಿಲ್ಲ: ಲಂಡನ್ನಿನ ಪ್ರಾಮ್ಸ್ ಉತ್ಸವದ ಕೊನೆಯ ರಾತ್ರಿಯನ್ನು ಮೊದಲ ಸಲ ಮಹಿಳೆಯೊಬ್ಬರು, ಮರಿನ್ ಆಲ್ಸಪ್, ನಿರ್ದೇಶಿಸಿದ್ದು 2013ರಲ್ಲಿ.

ಮೈಸೂರಿನ ಸಭೆಗಳು ಒಂದಿಡೀ ಸಂಜೆಯನ್ನು ‘ಚಂದ್ರಹಾಸನ ಕಥೆ’ಗೆ ಕೊಡಲಿ, ತುಕಡಾ ಮಾಡದೆ. ಬೋಗಾದಿಯ ಅಜ್ಜಿಯರ ನೆನಪಿನಲ್ಲಿರುವ ಧಾಟಿಗಳನ್ನು ಸಂಗೀತ ವಿದ್ಯಾರ್ಥಿಗಳು ಈಗಲೇ ಧ್ವನಿಮುದ್ರಿಸಿ, ಸ್ವರ ಹಾಕಿ ಬರೆದುಕೊಳ್ಳಲಿ.