ಇಸಾ: ಶಾಂತಿಯ ಗೆರೆ ಎಲ್ಲಿದೆ?

ಐರೋಪ್ಯ ಬಾಹ್ಯಾಕಾಶ ಸಂಸ್ಥೆ (ಇಸಾ) ಐರೋಪ್ಯ ಒಕ್ಕೂಟದ ಅಂಗವೆಂದು ನೀವು ಭಾವಿಸಿರಬಹುದು. ಅದು ಹಾಗಲ್ಲ. 1975ರ ಒಡಂಬಡಿಕೆಯಿಂದ ಹುಟ್ಟಿದ ಈ ಅಂತರಸರ್ಕಾರಿ ಸಂಸ್ಥೆಯಲ್ಲಿ 23 ಸದಸ್ಯ ರಾಷ್ಟ್ರಗಳಿವೆ. ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡ್, ನಾರ್ವೆ, ಬ್ರಿಟನ್‌ಗಳೂ ಇದರಲ್ಲಿವೆ. ಸಹಕಾರವು ಶಾಂತಿಯುತ ಉದ್ದೇಶಗಳಿಗೆ ಮಾತ್ರ ಎಂಬುದು ಒಡಂಬಡಿಕೆಯ ಷರತ್ತು.

2025ರ ನವೆಂಬರ್‌ನಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಸೇರಿದ್ದ ಸಚಿವರ ಸಭೆ ಸುಮಾರು 2,200 ಕೋಟಿ ಯೂರೋಗಳನ್ನು ಇಸಾಗೆ ಒದಗಿಸಲು ಒಪ್ಪಿತು. ಭದ್ರತೆ ಹಾಗೂ ರಕ್ಷಣೆಗೂ ನೆರವಾಗುವ ಕಾರ್ಯಕ್ರಮವೊಂದು ಇದರಲ್ಲಿ ಸೇರಿದೆ. ಉಕ್ರೇನ್ ಯುದ್ಧದ ನಂತರ ಯುರೋಪಿಗೆ ಇಂತಹ ಅಗತ್ಯವಿಲ್ಲ ಎನ್ನಲಾಗದು. ಆದರೆ ಷರತ್ತನ್ನು ಹಾಗೆಯೇ ಉಳಿಸಿಕೊಂಡು ಅದರ ಅರ್ಥವನ್ನು ಹಿಗ್ಗಿಸುವುದು ಸರಿಯಾದ ಕ್ರಮವೇ?

ತಂತ್ರಜ್ಞಾನದಲ್ಲಿ ಈ ಗೆರೆಯನ್ನು ಹುಡುಕಿದರೆ ಸಿಗುವುದಿಲ್ಲ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡದ ಮೂಲಕವೂ ಇರುಳಿನಲ್ಲೂ ನೆಲವನ್ನು ನೋಡಬಲ್ಲದು. ನೆರೆಹಾವಳಿಯ ನಕ್ಷೆಗಾಗಲಿ, ಸೇನಾನೆಲೆಯ ಚಿತ್ರಕ್ಕಾಗಲಿ ಬಳಕೆಯಾಗುವುದು ಇದೇ ವಿಧಾನ. ವ್ಯತ್ಯಾಸವಿರುವುದು ಚಿತ್ರ ಯಾರ ಆಣತಿಯಂತೆ ತೆಗೆದದ್ದು, ಯಾರಿಗೆ ಸಿಗುತ್ತದೆ ಎಂಬಲ್ಲಿ. ಸೆಂಟಿನೆಲ್ ದತ್ತಾಂಶ ಇಂದು ಎಲ್ಲರಿಗೂ ಉಚಿತ; ನೀವೂ ಪಡೆಯಬಹುದು. ರಕ್ಷಣಾ ದತ್ತಾಂಶ ಹಾಗಿರುವುದಿಲ್ಲ.

ಆದ್ದರಿಂದ ಇಸಾದ ಪಾತ್ರವನ್ನು ಮರುನಿರೂಪಿಸುವವರು ಎರಡು ವಿಷಯಗಳನ್ನು ಬರಹದಲ್ಲಿ ಸ್ಪಷ್ಟಪಡಿಸಬೇಕು: ಯಾವ ದತ್ತಾಂಶ ಮುಕ್ತವಾಗಿ ಉಳಿಯುತ್ತದೆ, ಮತ್ತು ವಿಜ್ಞಾನದ ಪಾಲು ರಕ್ಷಣೆಗೆ ಹರಿಯದಂತೆ ತಡೆ ಏನು. ಎಲ್ಲ ಸದಸ್ಯರೂ ತಮ್ಮ ರಾಷ್ಟ್ರೀಯ ವರಮಾನಕ್ಕೆ ತಕ್ಕಂತೆ ಕಡ್ಡಾಯವಾಗಿ ಕೊಡುವ ವಿಜ್ಞಾನನಿಧಿಯಿಂದಲೇ ರೊಸೆಟ್ಟಾ ಧೂಮಕೇತುವನ್ನು ತಲುಪಿತು, ಗಯಾ ನಕ್ಷತ್ರಗಳನ್ನು ಅಳೆಯಿತು. ತರಗತಿಯಲ್ಲಿ ಉಪಗ್ರಹಚಿತ್ರ ತೋರಿಸುವಾಗ ಈ ಪ್ರಶ್ನೆಗಳನ್ನೂ ವಿದ್ಯಾರ್ಥಿಗಳ ಮುಂದಿಡಿ.