ಕೂಗಿದ ಹಿಟ್ಟು

ಹುಂಚದ ಮುತ್ತಿನಕೆರೆಯ ಊರಲ್ಲಿ ಒಂದು ಕಥೆ ಹೇಳುತ್ತಾರೆ. ಸಾಂತರ ಅರಸರ ಮೂಲಪುರುಷ ಜಿನದತ್ತರಾಯನಿಗೆ ಎರಡು ಮುತ್ತು ಸಿಕ್ಕವಂತೆ. ಒಂದು ಚೊಕ್ಕಟ, ಇನ್ನೊಂದರಲ್ಲಿ ಊನ. ಚೊಕ್ಕಟದ್ದನ್ನು ಹೆಂಡತಿಗೆ ಕೊಟ್ಟು ಊನದ್ದನ್ನು ದೇವಿ ಪದ್ಮಾವತಿಯ ಮೂಗುತಿಗೆ ಒಪ್ಪಿಸಿದನಂತೆ. ಯಾರಿಗೆ ಗೊತ್ತಾಗಬೇಕು ಅಂದುಕೊಂಡಿರಬೇಕು. ದೇವಿಗೆ ಗೊತ್ತಾಯಿತು. ಅಲ್ಲಿಯವರೆಗೆ ಮೂರ್ತಿಗೆ ಮುಟ್ಟಿಸಿದ ಕಬ್ಬಿಣವೆಲ್ಲ ಚಿನ್ನವಾಗುತ್ತಿತ್ತು. ಹುಂಚ ಹೊಂಬುಜವಾದದ್ದೇ ಆ ಹೊನ್ನಿನಿಂದ ಎನ್ನುತ್ತಾರೆ. ಅಂದಿನಿಂದ ಆ ಶಕ್ತಿ ನಿಂತುಹೋಯಿತಂತೆ.

ಈ ಕಥೆಯಲ್ಲಿ ಯಾರೂ ಬಾಯಿಬಿಟ್ಟು ಸುಳ್ಳು ಹೇಳಿಲ್ಲ. ಕೊಟ್ಟದ್ದೂ ಮುತ್ತೇ. ಆದರೂ ಕೇಳುವ ನಮಗೆ ಮೋಸ ನಡೆದ ಗಳಿಗೆಯಲ್ಲೇ ಅದು ಮೋಸ ಎಂದು ತಿಳಿದಿರುತ್ತದೆ. ಅದನ್ನು ನಮ್ಮಿಂದ ಮುಚ್ಚಿಟ್ಟು ಕೊನೆಗೆ ಬಯಲು ಮಾಡುವ ಹಂಬಲ ಕಥೆಗಾರನಿಗಿಲ್ಲ. ಹೊಸನಗರ ತಾಲೂಕಿನ ಈ ಊರಿಗೆ ಸಾವಿರ ವರ್ಷಕ್ಕೂ ಮಿಕ್ಕಿದ ಜೈನ ನಂಟಿದೆ. ಆ ನಂಟಿನ ಜೊತೆ ಬೆಳೆದ ಕನ್ನಡದ ಜೈನ ಕಥಾಪರಂಪರೆ ಸುಳ್ಳನ್ನು ಹೇಗೆ ಬಳಸಿಕೊಂಡಿತು ಎನ್ನುವುದನ್ನು ನೋಡಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿತ್ತು. ಇಂದಿನ ಥ್ರಿಲ್ಲರ್ ಸಿನಿಮಾಗಳ ಕೊನೆಯ ಹತ್ತು ನಿಮಿಷಕ್ಕೆ ಕಾದು ಕೂತು ಬೇಸತ್ತದ್ದೂ ಅದಕ್ಕೊಂದು ಕಾರಣ.

ಜಿನದತ್ತ ಹುಂಚಕ್ಕೆ ಬಂದದ್ದೂ ಒಂದು ವಂಚನೆಯಿಂದ ತಪ್ಪಿಸಿಕೊಂಡೇ. ಉತ್ತರ ಮಧುರೆಯ ಅವನ ತಂದೆ ಬೇಡರ ಹೆಣ್ಣಿನ ಮೋಹಕ್ಕೆ ಬಿದ್ದು, ಅವಳ ಮಗನಿಗೆ ಪಟ್ಟ ಕಟ್ಟಲು ಹಿರಿಯ ಮಗನನ್ನು ಕೊಲ್ಲಿಸಲು ಒಪ್ಪುತ್ತಾನೆ. ಹಣ್ಣು ಹಿಡಿದು ಅಡುಗೆಮನೆಗೆ ಬಂದವನನ್ನು ಮುಗಿಸಿಬಿಡು ಎಂದು ಅಡುಗೆಯವನಿಗೆ ಗುಟ್ಟಾಗಿ ಹೇಳಿಟ್ಟು, ಜಿನದತ್ತನ ಕೈಗೆ ಹಣ್ಣು ಕೊಡುತ್ತಾನೆ. ದಾರಿಯಲ್ಲಿ ಎದುರಾದ ತಮ್ಮ ಹಣ್ಣನ್ನು ಇಸಕೊಂಡು ಒಳಗೆ ಹೋಗುತ್ತಾನೆ. ಯಕ್ಷಗಾನ ನೋಡಿ ಬೆಳೆದ ಮಲೆನಾಡಿನವರಿಗೆ ಇಲ್ಲಿ ಕೂಡಲೇ ಚಂದ್ರಹಾಸ ನೆನಪಾಗುತ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ದುಷ್ಟಬುದ್ಧಿ ವಿಷ ಕೊಡು ಎಂದು ಬರೆದ ಓಲೆಯನ್ನು ವಿಷಯೆ ಒಂದಕ್ಷರ ತಿದ್ದಿ ತನ್ನನ್ನೇ ಕೊಡುವಂತೆ ಮಾಡಿಕೊಳ್ಳುತ್ತಾಳೆ, ಆಮೇಲೆ ಕಾಳಿಯ ಗುಡಿಯಲ್ಲಿ ಚಂದ್ರಹಾಸನಿಗಾಗಿ ಕಾದಿದ್ದ ಕತ್ತಿಗೆ ದುಷ್ಟಬುದ್ಧಿಯ ಮಗ ಮದನನೇ ಸಿಗುತ್ತಾನೆ. ಹ್ಯಾಮ್ಲೆಟ್ ಜೊತೆಗೆ ಇಂಗ್ಲೆಂಡಿಗೆ ಹೊರಟ ಕಾಗದವೂ ಇದೇ ಜಾತಿಯದು. ಇಂಥ ಕಥೆಗಳು ಜಗತ್ತಿನ ತುಂಬ ಇವೆ, ಎಲ್ಲ ಕಡೆ ಇವುಗಳ ರುಚಿ ಒಂದೇ: ತೋಡಿದವನೇ ಗುಂಡಿಗೆ ಬೀಳುವುದು. ರಾತ್ರಿಯಿಡೀ ಆಟ ನೋಡುವ ಜನ ಕಥೆಯ ತಿರುವಿಗಾಗಿ ಕೂತಿರುವುದಿಲ್ಲ, ಕಥೆ ಅವರಿಗೆ ಮಗ್ಗಿಯಷ್ಟು ಬಾಯಿಪಾಠ. ಓಲೆ ಬರೆಯುವಾಗ ದುಷ್ಟಬುದ್ಧಿಯ ಮುಖ ಹೇಗಾಗುತ್ತದೆ, ಯಾವ ಮಾತಾಡುತ್ತಾನೆ ಎಂದು ನೋಡಲು ಕೂತಿರುತ್ತಾರೆ.

ಜೈನ ಕಥೆಗಾರರು ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಹೆಜ್ಜೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಜನ್ನನಲ್ಲಿ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಉಜ್ಜಯಿನಿಯ ಅರಸಿ ಅಮೃತಮತಿ ಇರುಳಲ್ಲಿ ಆನೆಯ ಮಾವುತ ಅಷ್ಟಾವಂಕನ ಹಾಡು ಕೇಳಿ ಮನಸೋಲುತ್ತಾಳೆ. ಗಂಡ ಯಶೋಧರ ಒಂದು ರಾತ್ರಿ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ನೋಡಿ, ಎತ್ತಿದ ಕತ್ತಿ ತಡೆದು ಹಿಂತಿರುಗುತ್ತಾನೆ. ಹಿಂಸೆ ತಪ್ಪಿಸಲು ತಾಯಿ ಚಂದ್ರಮತಿಯ ಮಾತಿಗೆ ಅರ್ಧ ಬಾಗಿ ಜೀವಂತ ಕೋಳಿಯ ಬದಲು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಹಿಟ್ಟು ಕೂಗುತ್ತದೆ. ಸಂಕಲ್ಪಹಿಂಸೆಯ ಪಾಪ ತಾಯಿ ಮಗನನ್ನು ಜನ್ಮಜನ್ಮಕ್ಕೂ ಅಟ್ಟಿಸಿಕೊಂಡು ಹೋಗುತ್ತದೆ. (ಹುಂಚಕ್ಕೂ ಈ ಹುಂಜಕ್ಕೂ ಹೆಸರಿನ ಸಂಬಂಧವೇನೂ ಇಲ್ಲ. ಬರೆಯುವಾಗ ನನ್ನ ಕೈಯೇ ಎರಡು ಸಲ ತಪ್ಪಿತು.)

ಪಾಠ ಹೇಳುವಾಗ ನಾವೆಲ್ಲ ಆ ಹುಂಜದ ಮೇಲೆ ಬೆರಳಿಟ್ಟು ನಿಲ್ಲುತ್ತೇವೆ. ನನಗೆ ಮುಖ್ಯವೆನಿಸುವುದು ಅದಕ್ಕೆ ಹಿಂದಿನ ಬೆಳಗು. ಅರಸ ಏನೂ ನಡೆಯದವನಂತೆ ಸರಸದಲ್ಲಿ ಹೆಂಡತಿಗೆ ಒಂದು ಹೂವಿನಿಂದ ಹೊಡೆಯುತ್ತಾನೆ. ಅವಳು ನೊಂದವಳಂತೆ ಮೂರ್ಛೆ ಹೋಗುತ್ತಾಳೆ. ರಾತ್ರಿ ಮಾವುತನ ಏಟು ತಿಂದು ಸುಮ್ಮನಿದ್ದವಳು ಹೂವಿಗೆ ಬಿದ್ದಳಲ್ಲ ಎಂದು ಅವನು ಒಳಗೇ ನಗುತ್ತಾನೆ. ಇಬ್ಬರೂ ಸುಳ್ಳಾಡುತ್ತಿದ್ದಾರೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಆಮೇಲೆ ಮಗನ ಬಾಡಿದ ಮುಖ ಕಂಡು ತಾಯಿ ಕೇಳಿದಾಗ ಅವನು ಕಂಡದ್ದನ್ನು ಹೇಳದೆ ಒಂದು ಕೆಟ್ಟ ಕನಸನ್ನು ಕಟ್ಟಿ ಹೇಳುತ್ತಾನೆ. ಮನೆಯ ಮಾನ ಮುಚ್ಚುವ ಮರ್ಯಾದೆಯ ಸುಳ್ಳು. ತಾಯಿ ಕನಸನ್ನು ನಂಬುತ್ತಾಳೆ. ಕೆಟ್ಟ ಕನಸಿಗೆ ಶಾಂತಿಯಾಗಬೇಕು, ಶಾಂತಿಗೆ ಬಲಿ ಬೇಕು. ಹುಂಜ ಹುಟ್ಟಿದ್ದು ಆ ಕನಸಿನಿಂದ. ಅವನು ಕಂಡದ್ದನ್ನು ತಾಯಿಯೆದುರು ಹೇಳಿಬಿಟ್ಟಿದ್ದರೆ ದೇವಿಯ ಗುಡಿಯ ಕಡೆಗೆ ಯಾರೂ ಹೋಗಬೇಕಿರಲಿಲ್ಲ.

ಹೀಗೆ ಓದಿದರೆ ಕಾವ್ಯದ ಕಟ್ಟು ಬೇರೆಯಾಗಿ ಕಾಣುತ್ತದೆ. ಆಡಿದ ಸುಳ್ಳು ಕನಸಾಗಿ, ಕನಸು ಹಿಟ್ಟಾಗಿ, ಹಿಟ್ಟು ಕೂಗಾಗಿ ಬೆಳೆಯುತ್ತಾ ಹೋಗುತ್ತದೆ. ಒಂದೊಂದು ಹಂತದಲ್ಲೂ ಅದು ಇನ್ನಷ್ಟು ಗಟ್ಟಿಯಾಗಿ ನಿಜದ ಕಡೆಗೆ ಸರಿಯುತ್ತದೆ. ಜನ್ನ ಇಪ್ಪತ್ತೊಂದು ವರ್ಷಗಳ ನಂತರ, 1230ರಲ್ಲಿ, ‘ಅನಂತನಾಥ ಪುರಾಣ’ ಬರೆದಾಗ ಮತ್ತೆ ಇದೇ ಕೈಚಳಕಕ್ಕೆ ಮರಳಿದ. ಅಲ್ಲಿ ಚಂಡಶಾಸನ ಗೆಳೆಯ ವಸುಷೇಣನ ಮಡದಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಜಗ್ಗದಿದ್ದಾಗ ಗಂಡ ಸತ್ತನೆಂದು ನಂಬಿಸಲು ಅವನ ತಲೆಯಂತೆಯೇ ಒಂದು ತಲೆ ಮಾಡಿಸಿ ತಂದು ತೋರಿಸುತ್ತಾನೆ. ಸುನಂದೆ ಅದನ್ನು ಕಂಡು ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಗೇ ಬೀಳುತ್ತಾನೆ. ಹುಂಜದಲ್ಲಿ ನಕಲಿಯನ್ನು ಕೊಂದವನಿಗೆ ನಿಜವಾದ ಪಾಪ ಸುತ್ತಿಕೊಂಡಿತು, ತಲೆಯಲ್ಲಿ ನಕಲಿ ನಿಜವಾದ ಹೆಂಗಸನ್ನು ಕೊಂದಿತು. ಒಬ್ಬನೇ ಕವಿ ಎರಡು ದೊಡ್ಡ ಕೃತಿಗಳ ನಡುವೆ ಎರಡು ನಕಲಿ ವಸ್ತು ಇಟ್ಟದ್ದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. ಕಥೆಗಳು ಅವನಿಗೆ ಮೊದಲೇ ಸಂಸ್ಕೃತದಿಂದ ಸಿದ್ಧವಾಗಿ ಬಂದಿದ್ದವು, ನಿಜ. ಆದರೆ ಯಾವುದನ್ನು ಆರಿಸಿ ಎಲ್ಲಿ ನಿಧಾನಿಸಬೇಕು ಎನ್ನುವುದು ಅವನದೇ.

ಇದಕ್ಕಿಂತ ಮುನ್ನೂರು ವರ್ಷ ಹಿಂದಿನ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಎರಡನ್ನಾದರೂ ಇಲ್ಲಿ ನೆನೆಯಬೇಕು. ಸುಕುಮಾರಸ್ವಾಮಿಯ ತಾಯಿ ಯಶೋಭದ್ರೆ, ಮುನಿಯನ್ನು ಕಂಡರೆ ಮಗ ಸನ್ಯಾಸಿಯಾಗುತ್ತಾನೆಂಬ ಭವಿಷ್ಯವಾಣಿಗೆ ಹೆದರಿ, ಮನೆಯ ಹತ್ತಿರ ಮುನಿಗಳೇ ಸುಳಿಯದಂತೆ ಕಾವಲಿಡುತ್ತಾಳೆ. ಮಗನ ಸುತ್ತ ಒಂದು ಸುಳ್ಳುಲೋಕವನ್ನೇ ಕಟ್ಟುತ್ತಾಳೆ. ಅದರಲ್ಲಿ ಕೆಡುಕಿನ ಎಳೆಯೂ ಇಲ್ಲ, ಇರುವುದು ತಾಯಿಯ ಭಯ. ಇನ್ನೊಂದು ವಿದ್ಯುಚ್ಚೋರನದು. ಅವನು ಹಗಲು ಕುಷ್ಠರೋಗಿ, ರಾತ್ರಿ ಚೆಲುವ, ಕಳ್ಳ. ಅರಸನ ಹಾರವನ್ನೇ ಕದಿಯುತ್ತಾನೆ. ಹುಡುಕಲು ಹೊರಟ ಊರ ಕಾವಲಿನ ತಳಾರ ಯಮದಂಡ ಅವನ ಜೊತೆ ಓದಿದವನು. ಹಿಡಿದು ತಂದು ಬಗೆಬಗೆಯಾಗಿ ದಂಡಿಸಿದರೂ ನಾನು ಕಳ್ಳನಲ್ಲ ಎನ್ನುತ್ತಾನೆ. ಅರಸ ಅಭಯ ಕೊಟ್ಟ ಮೇಲೆ ತಾನೇ ಹೌದೆಂದು ಒಪ್ಪುತ್ತಾನೆ. ಏಟಿಗೆ ಬಾರದ ನಿಜ ಅಭಯಕ್ಕೆ ಬಂತು. ಹತ್ತನೆಯ ಶತಮಾನದ ಗದ್ಯದಲ್ಲಿ ಇದನ್ನು ಓದುವಾಗ ಇಂದಿನ ಪೊಲೀಸ್ ಸಿನಿಮಾಗಳಲ್ಲಿ ಕತ್ತಲೆ ಕೋಣೆಯ ಏಟಿಗೆ ಸತ್ಯ ಉದುರುವುದು ತೀರ ಹಳೆಯ ಕಾಲದ ಕಲ್ಪನೆ ಎನಿಸಿಬಿಡುತ್ತದೆ.

ಈ ಪರಂಪರೆಯ ಶಕ್ತಿಯೆಂದರೆ ಓದುಗನನ್ನು ಮೋಸಗೊಳಿಸದಿರುವುದು. ಪಾತ್ರಗಳು ಒಬ್ಬರನ್ನೊಬ್ಬರು ವಂಚಿಸುತ್ತಾರೆ, ಕಥೆಗಾರ ನಮ್ಮನ್ನು ವಂಚಿಸುವುದಿಲ್ಲ. ನಮ್ಮ ಭಾಷೆಯೂ ಇದಕ್ಕೆ ಒದಗಿಬರುತ್ತದೆ. ಅಜ್ಜಿಯಂದಿರ ಕಥೆಯಲ್ಲಿ ರಾಜ ‘ಇದ್ದನಂತೆ’. ಆ ‘ಅಂತೆ’ಯಲ್ಲಿ ಹೇಳುವವಳು ತಾನು ಕಣ್ಣಾರೆ ಕಂಡಿಲ್ಲವೆಂದು ಮೊದಲೇ ಒಪ್ಪಿಕೊಂಡಿರುತ್ತಾಳೆ. ಅಷ್ಟು ಪ್ರಾಮಾಣಿಕವಾಗಿ ಸುಳ್ಳುಕಥೆ ಹೇಳುವ ಸವಲತ್ತು ಎಲ್ಲ ಭಾಷೆಗಳಿಗೂ ಇಲ್ಲ.

ಇನ್ನು ಕೊರತೆಗಳು. ಮೊದಲನೆಯದು, ಲೆಕ್ಕದ ಚಟ. ‘ಯಶೋಧರ ಚರಿತೆ’ಯ ಮೊದಲರ್ಧದ ಬಿಗಿ ಆಮೇಲಿನ ಜನ್ಮಗಳಲ್ಲಿ ಉಳಿಯುವುದಿಲ್ಲ. ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ ಎಂದು ಪಾಪದ ಬಾಕಿ ವಸೂಲಾಗುತ್ತಾ ಹೋಗುತ್ತದೆ. ಜನ್ನನಂಥವನಿಗೂ ಅಲ್ಲಿ ಶಾನುಭೋಗನ ಕೆಲಸ. ಎರಡನೆಯದು ಇನ್ನೂ ದೊಡ್ಡದು. ವಂಚನೆಯ ಹೆಸರು ಬಂದಾಗೆಲ್ಲ ಬೆರಳು ಹೆಣ್ಣಿನ ಕಡೆಗೇ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಗೆ ನರಕ ಸಿಕ್ಕಿದ್ದರಲ್ಲಿ ತಕರಾರಿಲ್ಲ. ಆದರೆ ಅರಸ ಕಟ್ಟಿದ ಕನಸು ಸುಳ್ಳೆಂಬ ಪಟ್ಟಿಗೇ ಸೇರುವುದಿಲ್ಲ. ಅದು ಸಂಯಮ, ಗಾಂಭೀರ್ಯ. ಆ ಕಾವ್ಯದ ಅತ್ಯಂತ ಸತ್ಯವಾದ ಮಾತಿರುವುದೂ ಅಮೃತಮತಿಯ ಬಾಯಲ್ಲೇ. ಆ ಕುರೂಪಿಯಲ್ಲಿ ಏನು ಕಂಡೆ ಎಂದು ದೂತಿ ಹಳಿದಾಗ, ಒಲಿದ ಮೇಲೆ ರೂಪದ ಗೊಡವೆ ಏಕೆ ಎನ್ನುವ ಧಾಟಿಯಲ್ಲಿ ಅವಳು ಉತ್ತರಿಸುತ್ತಾಳೆ. ಆ ಗಳಿಗೆಯಲ್ಲಿ ಜನ್ನ ತನ್ನ ಮತವನ್ನು ಬದಿಗಿಟ್ಟ ಕವಿ. ಹುಂಚದ ಅತಿ ಚೆಲುವಾದ ಬಸದಿ, ಉರ್ವೀತಿಲಕವೆಂದು ಹೆಸರಾದ ಪಂಚಕೂಟ, 1077ರಲ್ಲಿ ಚಟ್ಟಲದೇವಿ ಎಂಬ ಹೆಂಗಸು ಕಟ್ಟಿಸಿದ್ದು. ಇಂಥ ಬಸದಿಗಳಲ್ಲಿ ಕೂತು ಈ ಬಗೆಯ ಕಥೆಗಳನ್ನು ಕೇಳುತ್ತಿದ್ದ ಹೆಂಗಸರು ಒಳಗೊಳಗೇ ಏನಂದುಕೊಂಡಿರಬಹುದು ಎಂದು ಪಂಚಕೂಟದ ಮಾನಸ್ತಂಭದ ಮುಂದೆ ನಿಂತಾಗೆಲ್ಲ ನನಗೆ ಕುತೂಹಲ.

ಮೂರನೆಯ ಕೊರತೆಗೆ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಸಾಕ್ಷಿ. ಹದಿನಾಲ್ಕನೆಯ ಶತಮಾನದ ಈ ಕೃತಿ ಸುಳ್ಳಿನ ಕಥೆಗಳ ಖಜಾನೆ. ಮನೋವೇಗನೆಂಬ ವಿದ್ಯಾಧರ ವೇಷ ಬದಲಿಸಿ ಪಾಟಲಿಪುತ್ರಕ್ಕೆ ಹೋಗಿ ಪಂಡಿತರ ಮುಂದೆ ಭರ್ಜರಿ ಬುರುಡೆ ಬಿಡುತ್ತಾನೆ. ಅಟ್ಟಿಸಿಕೊಂಡು ಬಂದ ಆನೆಗೆ ಹೆದರಿ ಕಮಂಡಲದೊಳಗೆ ಹೊಕ್ಕೆ, ಆನೆಯೂ ಹಿಂದೆಯೇ ಹೊಕ್ಕಿತು, ಹೊರಬರುವಾಗ ಅದರ ಬಾಲದ ಕೂದಲು ಸಿಕ್ಕಿಕೊಂಡಿತು, ಇತ್ಯಾದಿ. ಸುಳ್ಳು ಎಂದು ಪಂಡಿತರು ಕೂಗಿದರೆ, ನಿಮ್ಮ ಪುರಾಣದಲ್ಲಿ ಇದಕ್ಕಿಂತ ದೊಡ್ಡದಿದೆಯಲ್ಲ ಎಂದು ಒಂದೊಂದನ್ನೇ ಎತ್ತಿ ಹೇಳುತ್ತಾನೆ. ಎಂಟನೆಯ ಶತಮಾನದಲ್ಲೇ ಹರಿಭದ್ರ ಪ್ರಾಕೃತದ ‘ಧೂರ್ತಾಖ್ಯಾನ’ದಲ್ಲಿ ಉಜ್ಜಯಿನಿಯ ಧೂರ್ತರಿಂದ ಇದೇ ಆಟ ಆಡಿಸಿದ್ದ, ಅದೂ ಕೊನೆಗೆ ಗೆಲ್ಲುವವಳು ಖಂಡಪಾನೆ ಎಂಬ ಹೆಣ್ಣು. ನಗಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ಮನೋವೇಗ ತನ್ನ ಮನೆಯ ಪುರಾಣವನ್ನು ಆ ತಕ್ಕಡಿಗೆ ಒಮ್ಮೆಯೂ ಹಾಕುವುದಿಲ್ಲ. ಕಬ್ಬಿಣ ಚಿನ್ನವಾದ ಊರಿಗೆ ಅವನು ಬಂದಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ.

ಇಪ್ಪತ್ತನೆಯ ಶತಮಾನದಲ್ಲಿ ಹುಂಜವನ್ನು ಮತ್ತೆ ಕೈಗೆತ್ತಿಕೊಂಡವರು ಗಿರೀಶ ಕಾರ್ನಾಡರು. ‘ಹಿಟ್ಟಿನ ಹುಂಜ’ ನಾಟಕದಲ್ಲಿ ಜನ್ಮಾಂತರದ ಬಾಲವನ್ನು ಕತ್ತರಿಸಿ ಎಲ್ಲವನ್ನೂ ಒಂದೇ ರಾತ್ರಿಗೆ ಇಳಿಸಿದರು. ಜನ್ನನ ಮೊದಲ ಕೊರತೆಗೆ ಅದು ಒಳ್ಳೆಯ ಔಷಧಿ. ಆದರೆ ಅವರ ‘ನಾಗಮಂಡಲ’ ನನಗೆ ಇನ್ನೂ ಹತ್ತಿರ. ರಾಣಿ ಎಂಬವಳ ಬಳಿಗೆ ಗಂಡನ ರೂಪದಲ್ಲಿ ಹಾವು ಬರುತ್ತದೆ. ನ್ಯಾಯಪಂಚಾಯಿತಿಯಲ್ಲಿ ರಾಣಿ ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎನ್ನುತ್ತಾಳೆ. ಅವಳು ಹೇಳಿದ್ದು ಅಕ್ಷರಶಃ ನಿಜ, ಜನ ಅರ್ಥಮಾಡಿಕೊಂಡದ್ದು ಬೇರೆ. ಅಮೃತಮತಿಗೆ ಎಂಟುನೂರು ವರ್ಷ ಸಿಗದಿದ್ದ ಜಾಗವನ್ನು ಕಾರ್ನಾಡರು ರಾಣಿಗೆ ಕೊಟ್ಟರು. ನಾಗಾಭರಣರ 1997ರ ಚಿತ್ರದಲ್ಲಿ ಎರಡೂ ರೂಪಕ್ಕೆ ಒಬ್ಬನೇ ನಟನಿದ್ದುದರಿಂದ ಈ ಗೊಂದಲಕ್ಕೆ ಮೈ ಬಂತು. ಇಂಥ ಗೊಂದಲವನ್ನು ಮಾತಿಗಿಂತ ಮುಖ ಚೆನ್ನಾಗಿ ಕಾಣಿಸುತ್ತದೆ.

ಹುಂಚದ ನೆರೆಯ ತೀರ್ಥಹಳ್ಳಿ ಸೀಮೆಯಿಂದ ಬಂದ ಇಬ್ಬರು ಜಿನದತ್ತನ ವಂಶದವರಲ್ಲ, ಬ್ರಾಹ್ಮಣ ಅಗ್ರಹಾರದ ಕಥೆ ಹೇಳಿದವರು. ಆದರೂ ನನ್ನ ಕಣ್ಣಿಗೆ ಅವರು ಜನ್ನನ ನೆಂಟರು. ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ಸೂತಕ ಹೊತ್ತು ಮೇಳಿಗೆಯ ತೇರಿನ ದಿನ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಅದು ಬಯಲಾಗುತ್ತದೋ ಇಲ್ಲವೋ ಎಂಬುದಕ್ಕಿಂತ ಆ ಎಲೆಯ ಮುಂದೆ ಕೂತ ಅವನೊಳಗೆ ಏನಾಗುತ್ತಿದೆ ಎಂಬುದರಲ್ಲಿ ಕಾದಂಬರಿಯ ಉಸಿರಿದೆ. ಅವರದೇ ಕಥೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನೆಯ ಬಸಿರನ್ನು ಮುಚ್ಚಿಡುವ ಭಾರ ನಾಣಿ ಎಂಬ ಪುಟ್ಟ ಹುಡುಗನ ಮೇಲೂ ಬೀಳುತ್ತದೆ. ಗುಟ್ಟು ನಮಗೆ ಆದಿಯಿಂದ ಗೊತ್ತು. ಕ್ಯಾಮೆರಾ ಹುಡುಗನ ಮುಖ ನೋಡುತ್ತಾ ನಿಂತಾಗ ದುಷ್ಟಬುದ್ಧಿಯ ಮುಖ ನೋಡಲು ಕೂತ ಆ ಬಯಲಾಟದ ಪ್ರೇಕ್ಷಕನೇ ನಾವಾಗುತ್ತೇವೆ.

ಇದಕ್ಕೆದುರಾಗಿ ಕಳೆದ ಹದಿನೈದು ವರ್ಷಗಳ ಕನ್ನಡ ಥ್ರಿಲ್ಲರುಗಳಲ್ಲಿ ಹೆಚ್ಚಿನವು ಸುಳ್ಳನ್ನು ಪಾತ್ರದ ಬದಲು ಚಿತ್ರಕಥೆಯ ಜೇಬಲ್ಲಿ ಇಡುತ್ತವೆ. ಒಮ್ಮೆ ತೆಗೆದು ತೋರಿಸಿದ ಮೇಲೆ ಜೇಬು ಖಾಲಿ. ಎರಡನೆಯ ಸಲ ನೋಡಲು ಏನೂ ಉಳಿದಿರುವುದಿಲ್ಲ. ರಾಮ್ ರೆಡ್ಡಿಯವರ ‘ತಿಥಿ’ ಆ ದಾರಿ ಹಿಡಿಯಲಿಲ್ಲ. ಮಂಡ್ಯ ಸೀಮೆಯ ತಮ್ಮಣ್ಣ, ಜಮೀನು ಮಾರುವ ಅವಸರದಲ್ಲಿ, ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದಲ್ಲಿ ಸಾಯಿಸಲು ಓಡಾಡುತ್ತಾನೆ. ಆ ಮರಣ ಪ್ರಮಾಣಪತ್ರ ಹಿಟ್ಟಿನ ಹುಂಜದ ಮರಿಮಗನೇ. ಯಾರ ಮೈಗೂ ಕತ್ತಿ ತಾಗಿಲ್ಲ ಎಂದು ತಮ್ಮಣ್ಣನೂ ಸಮಾಧಾನ ಮಾಡಿಕೊಂಡಿರುತ್ತಾನೆ. ಗಡ್ಡಪ್ಪನಿಗಂತೂ ಬದುಕಿದ್ದೂ ಒಂದೇ, ಸತ್ತದ್ದೂ ಒಂದೇ, ಬಾಟ್ಲಿಯೊಂದು ಕೈಯಲ್ಲಿದ್ದರೆ ಆಯಿತು. ಜನ್ನ ಇದನ್ನು ನೋಡಿದ್ದರೆ ಎಷ್ಟು ಜನ್ಮದ ಶಿಕ್ಷೆ ಬರೆಯುತ್ತಿದ್ದನೋ.

ಮೊನ್ನೆ ಹುಂಚಕ್ಕೆ ಹೋದಾಗ ದೇವಿಯ ಸನ್ನಿಧಿಯಲ್ಲಿ ಹೂಪ್ರಸಾದಕ್ಕೆ ಕಾದು ನಿಂತವರಿದ್ದರು. ಬಲಗಡೆಯಿಂದ ಹೂ ಬಿದ್ದರೆ ನೆನೆದದ್ದು ಆಗುತ್ತದೆ ಎಂಬ ನಂಬಿಕೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಮೊಮ್ಮಗಳಿಗೆ ಮುತ್ತಿನ ಕಥೆ ಹೇಳುತ್ತಿದ್ದರು.

‘ಅವನ ಹೆಂಡ್ತಿಗೆ ಗೊತ್ತಿತ್ತಾ ಅಜ್ಜಿ, ತನ್ನದೇ ಚೆನ್ನಾಗಿರೋ ಮುತ್ತು ಅಂತ?’ ಎಂದು ಹುಡುಗಿ ಕೇಳಿದಳು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಯಾರೂ ಹೇಳಿಲ್ಲ ಮಗಾ’ ಅಂದರು.