ಚಳಿಗಾಲದ ಇಟಲಿಯಲ್ಲಿ ಮೂವರು ಒಂಟಿ ಪ್ರವಾಸಿಗರು

ಪ್ರವಾಸಗ್ರಂಥಗಳನ್ನು ಅಳೆಯಲು ನಮ್ಮಲ್ಲಿ ಎರಡು ಅಳತೆಗೋಲುಗಳು ಬಳಕೆಯಲ್ಲಿವೆ. ಪರದೇಶದವರು ನಮ್ಮ ನಾಡನ್ನು ಕುರಿತು ಬರೆದುದನ್ನು ನಾವು ಸಾಕ್ಷ್ಯವೆಂದು ಪರೀಕ್ಷಿಸುತ್ತೇವೆ; ಅನ್ಯದೇಶಗಳನ್ನು ಕುರಿತು ಬರೆದುದನ್ನು ಶೈಲಿಗಾಗಿ ಓದಿ ಮೆಚ್ಚುತ್ತೇವೆ. ರೋಮಾಪುರಿಯ ಪಿಯೆತ್ರೊ ದೆಲ್ಲಾ ವಾಲೆಯು 1623ರಲ್ಲಿ ಪೋರ್ತುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು ಬರೆದ ಪತ್ರಗಳು ನಮಗೆ ಬೇಕಾಗಿರುವುದು ಅವುಗಳ ಮಾತಿನ ಸೊಗಸಿಗಾಗಿ ಅಲ್ಲ. ದಾರಿಯಲ್ಲಿ ಕೆಲವು ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಗಮನವಿಟ್ಟು ನೋಡಿದನು. ಯಾವ ಗ್ರಂಥವೂ ಅವನಿಗೆ ಮೊದಲೇ ಹೇಳಿಕೊಡದಿದ್ದ ಸಂಗತಿ ಅದು. ನಮ್ಮ ನಾಡಿಗೆ ಬಂದ ಇಟಲಿಯವನಿಗೆ ಹಿಡಿಯುವ ಈ ಅಳತೆಯನ್ನೇ ಇಟಲಿಗೆ ಹೋದವರಿಗೂ ಹಿಡಿದರೆ, ಪಾಠಶಾಲೆಗಳಲ್ಲಿ ನಾವು ಒಪ್ಪಿಕೊಂಡು ಬಂದಿರುವ ತಾರತಮ್ಯವು ಉಳಿಯುವುದೆ? ಇದೇ ಪ್ರಸ್ತುತ ಲೇಖನದ ಪ್ರಶ್ನೆ.

ಪರೀಕ್ಷೆಗೆ ಚಳಿಗಾಲದ ಪ್ರವಾಸವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಆಲಂಕಾರಿಕರು ಋತುವರ್ಣನೆಯನ್ನು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸೇರಿಸಿದ್ದಾರೆ. ಅಲ್ಲಿ ಋತುವು ಬಹುಮಟ್ಟಿಗೆ ಉದ್ದೀಪನವಿಭಾವ, ನಾಯಕನ ಭಾವವನ್ನು ಕೆರಳಿಸುವ ಸಾಧನ. ಆದರೆ ತನ್ನ ಹೊರೆಯನ್ನು ತಾನೇ ಹೊತ್ತು, ಜೊತೆಗಾರನಿಲ್ಲದೆ ಊರಿಂದೂರಿಗೆ ಹೋಗುವವನಿಗೆ ಹೇಮಂತ ಶಿಶಿರಗಳು ಅಲಂಕಾರಗಳಲ್ಲ. ಹಗಲು ಕಿರಿದು, ಕತ್ತಲಾಗುವುದರೊಳಗೆ ಹಾಸಿಗೆ ಸಿಕ್ಕಬೇಕು, ಬೆಂಕಿ ಸಿಕ್ಕಬೇಕು. ಆದುದರಿಂದ ಅವನು ಊರಿನವರ ಬಾಗಿಲನ್ನು ತಟ್ಟಲೇಬೇಕು. ವಸಂತದಲ್ಲಿ ನಗರದ ಚೆಲುವನ್ನು ನೋಡಿಕೊಂಡು ಹೋಗಬಹುದು. ಚಳಿಗಾಲದಲ್ಲಿ ನಗರದ ಮನುಷ್ಯರನ್ನು ಕಾಣದೆ ಗತಿಯಿಲ್ಲ. ಕಂಡುದನ್ನು ಗ್ರಂಥದೊಳಕ್ಕೆ ತಂದರೋ ಇಲ್ಲವೋ ಎಂಬುದೇ ವಿಚಾರಿಸಬೇಕಾದ ವಿಷಯ.

ಮೊದಲನೆಯವನು ಗಯಟೆ. 1786ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಮೂರು ಗಂಟೆಗೆ, ಯಾರಿಗೂ ತಿಳಿಸದೆ, ಒಂದು ಬಟ್ಟೆಗಂಟನ್ನೂ ಒಂದು ತೊಗಲಿನ ಚೀಲವನ್ನೂ ಮಾತ್ರ ತೆಗೆದುಕೊಂಡು ಅವನು ಕಾರ್ಲ್ಸ್‌ಬಾಡಿನಿಂದ ಹೊರಟನು. ಹೆಸರನ್ನೂ ಮರೆಸಿ, ತಾನು ಮೊಲ್ಲರ್ ಎಂಬ ಚಿತ್ರಕಾರನೆಂದು ಹೇಳಿಕೊಂಡನು. ನವೆಂಬರ್ 1ರ ವೇಳೆಗೆ ರೋಮಿನಲ್ಲಿದ್ದನು. ಆದರೆ ದಾರಿಯುದ್ದಕ್ಕೂ ಅವನ ಕಣ್ಣನ್ನು ಆಳಿದುದು ಪ್ರಾಚೀನರ ಕಲೆ. ಫ್ಲಾರೆನ್ಸಿಗೆ ಕೆಲವೇ ಗಂಟೆಗಳನ್ನು ಕೊಟ್ಟನು. ಅಸಿಸಿಯಲ್ಲಿ ಮಿನರ್ವಾದೇವಿಯ ಪುರಾತನ ದೇಗುಲವನ್ನು ಹುಡುಕಿಕೊಂಡು ಹೋದನು; ಜೊತ್ತೊವಿನ ಹೆಸರಿನೊಡನೆ ಪ್ರಸಿದ್ಧವಾಗಿರುವ ಭಿತ್ತಿಚಿತ್ರಗಳುಳ್ಳ ಸಂತ ಫ್ರಾನ್ಸಿಸನ ದೇವಾಲಯವನ್ನು ಬೇಕೆಂದೇ ಬಿಟ್ಟು ನಡೆದನು. ಹೊರಡುವ ಮೊದಲೇ ಅವನು ಇಟಲಿಯನ್ನು ಓದಿ ಮುಗಿಸಿದ್ದನು. ಓದಿದುದಕ್ಕೆ ನಿದರ್ಶನವಾಗುವುದನ್ನು ಮಾತ್ರ ಕಣ್ಣು ಸ್ವೀಕರಿಸಿತು. ಅಲ್ಲದೆ ‘ಇಟಲಿಯ ಪ್ರವಾಸ’ದ ಮೊದಲ ಎರಡು ಭಾಗಗಳು ಅಚ್ಚಾದುದು 1816-17ರಲ್ಲಿ. ದಿನಚರಿಯನ್ನೂ ಪತ್ರಗಳನ್ನೂ ಮೂವತ್ತು ವರ್ಷಗಳ ತರುವಾಯ ತಿದ್ದಿ ಜೋಡಿಸಿದ ಗ್ರಂಥವದು.

ಒಂದು ಮಾತನ್ನು ಮಾತ್ರ ನ್ಯಾಯಕ್ಕಾಗಿ ಹೇಳಬೇಕು. ರೋಮಿನ ಕಾರ್ನಿವಲ್ ಉತ್ಸವವು 1787ರಲ್ಲಿ ಗಯಟೆಗೆ ಬೇಸರ ತಂದಿತ್ತು. 1788ರ ಚಳಿಗಾಲದಲ್ಲಿ ಅದನ್ನೇ ಶ್ರದ್ಧೆಯಿಂದ ಗಮನಿಸಿ ಬರೆದನು. ಜನರ ವೇಷ, ನೂಕುನುಗ್ಗಲು, ಕುದುರೆಯೋಟ ಇವೆಲ್ಲ ಅಲ್ಲಿ ಜೀವಂತವಾಗಿವೆ. ಆದರೆ ಆ ವೇಳೆಗೆ ಅವನು ಒಂಟಿ ಪ್ರವಾಸಿಯಾಗಿ ಉಳಿದಿರಲಿಲ್ಲ. ಉತ್ಸವವು ನಡೆಯುವ ಕೊರ್ಸೊ ಬೀದಿಯಲ್ಲಿಯೇ ಜರ್ಮನ್ ಚಿತ್ರಕಾರರ ನಡುವೆ ಮನೆ ಮಾಡಿಕೊಂಡಿದ್ದನು. ಅವನ ಕಣ್ಣನ್ನು ತೆರೆಸಿದುದು ಏಕಾಂತವಲ್ಲ, ನೆಲೆ ನಿಂತ ವಾಸ.

ಎರಡನೆಯವನು ಯೋಹಾನ್ ಗಾಟ್‌ಫ್ರೀಡ್ ಸೊಯ್ಮೆ. ಇವನ ಹೆಸರು ನಮ್ಮಲ್ಲಿ ಹೆಚ್ಚಾಗಿ ಕೇಳಿಬಂದಿಲ್ಲ. ಯೌವನದಲ್ಲಿ ಹೆಸ್ಸೆಯ ಸೈನ್ಯಕ್ಕೆ ಬಲಾತ್ಕಾರದಿಂದ ಸೇರಿಸಲ್ಪಟ್ಟು, ಅಮೆರಿಕಕ್ಕೆ ಸಾಗಿಸಲ್ಪಟ್ಟವನು. ಅನಂತರ ಗ್ರಿಮ್ಮಾ ಎಂಬ ಊರಿನ ಮುದ್ರಣಾಲಯದಲ್ಲಿ ಕರಡು ತಿದ್ದಿ ಜೀವಿಸಿದವನು. 1801ರ ಡಿಸೆಂಬರ್ 6ರಂದು ಬೆನ್ನುಚೀಲವನ್ನೇರಿಸಿ ಸಿರಾಕ್ಯೂಸಿಗೆ ನಡೆದು ಹೊರಟನು. ವಿಯೆನ್ನಾದವರೆಗೆ ಒಬ್ಬ ಮಿತ್ರನಿದ್ದನು. ಮುಂದೆ ಆಲ್ಪ್ಸ್ ಪರ್ವತಗಳ ಹಿಮವನ್ನು ದಾಟಿ, ಟ್ರಿಯೆಸ್ಟ್, ವೆನಿಸ್, ಬೊಲೋನ, ರೋಮ್, ನೇಪಲ್ಸ್‌ಗಳ ಕಡೆಗೆ ಇಳಿದುದು ಒಬ್ಬನೇ. ಸಮುದ್ರವನ್ನು ಹಡಗಿನಲ್ಲಿ ದಾಟಿದನು; ಕೆಲವೆಡೆ ಗಾಡಿಯನ್ನೂ ಹಿಡಿದನು; ಉಳಿದುದೆಲ್ಲ ಕಾಲ್ನಡಿಗೆ. ಚೀಲದಲ್ಲಿ ಹೋಮರ್, ಥಿಯೋಕ್ರಿಟಸ್, ವರ್ಜಿಲ್ ಮೊದಲಾದ ಕವಿಗಳಿದ್ದರು. ಥಿಯೋಕ್ರಿಟಸನನ್ನು ಅವನ ಹುಟ್ಟುನಾಡಿನಲ್ಲಿ ಕುಳಿತು ಓದಬೇಕೆಂಬುದು ಅವನ ಆಸೆ. ‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಗಾದೆಯ ಎರಡು ಅರ್ಧಗಳನ್ನೂ ಒಟ್ಟಿಗೆ ಹೊತ್ತವನೆಂದು ಇವನನ್ನು ಕರೆಯಬಹುದು.

ಆದರೆ ಗಯಟೆಯಲ್ಲಿ ಕೋಶವು ದೇಶವನ್ನು ತಿದ್ದಿದರೆ, ಸೊಯ್ಮೆಯಲ್ಲಿ ದೇಶವು ಕೋಶವನ್ನು ತಿದ್ದಿತು. ಅವನು ವೆನಿಸಿಗೆ ಬರುವ ವೇಳೆಗೆ ಅಲ್ಲಿಯ ಗಣರಾಜ್ಯವು 1797ರಲ್ಲಿ ಅಳಿದು, ನಗರವು ಆಸ್ಟ್ರಿಯದ ಕೈ ಸೇರಿತ್ತು. ಕೆಲವು ಹೆಜ್ಜೆ ಇಡುವುದರೊಳಗೆ ಭಿಕ್ಷುಕರು ಅಡ್ಡಬರುತ್ತಿದ್ದುದನ್ನು ಅವನು ಮರೆಮಾಡದೆ ಬರೆದಿದ್ದಾನೆ. ಅದೇ ನಗರದಲ್ಲಿ ಅಲ್ಬ್ರಿಝ್ಝಿ ಮನೆತನದವರಲ್ಲಿದ್ದ ಕನೋವಾನ ಹೀಬೆಯ ಪ್ರತಿಮೆಯನ್ನು ಕಂಡು ಮೈಮರೆತುದನ್ನೂ ಬರೆದಿದ್ದಾನೆ. ಆ ಪ್ರತಿಮೆಯು ಈಗ ಬರ್ಲಿನ್ನಿನಲ್ಲಿದೆ. ಚೆಲುವು ಹಸಿವನ್ನು ಮುಚ್ಚಲಿಲ್ಲ, ಹಸಿವು ಚೆಲುವನ್ನು ಹಳಿಯಲಿಲ್ಲ. ಎರಡಕ್ಕೂ ಒಂದೇ ಗ್ರಂಥದಲ್ಲಿ ಸ್ಥಳವಿದೆ. ಚಳಿಗಾಲ ಕಳೆದು ಸಿಸಿಲಿಯನ್ನು ಮುಟ್ಟಿದಾಗ ಈ ಪರೀಕ್ಷೆಯು ಇನ್ನೂ ಕಠಿಣವಾಯಿತು. ಹಿಂದೆ ರೋಮಿನ ಕಣಜವೆನಿಸಿದ ದ್ವೀಪದಲ್ಲಿ ಜನರು ಅನ್ನವಿಲ್ಲದೆ ಬಳಲುತ್ತಿದ್ದರು. ಗೋಪಗೀತೆಗಳ ನಾಡಿನಲ್ಲಿ ನಿಂತು ಅವನು ಕೇಳಿದ ಪ್ರಶ್ನೆಯು ಕಾವ್ಯದ್ದಲ್ಲ, ಭೂಮಿಯ ಒಡೆತನದ್ದು.

ಸೊಯ್ಮೆಯ ದೋಷಗಳೂ ಅಲ್ಪವಲ್ಲ. ಬರವಣಿಗೆಯು ಅವಸರದ್ದು; ಒಂದು ಪುಟದಲ್ಲಿ ಛತ್ರದ ಊಟ, ಮುಂದಿನದರಲ್ಲಿ ರಾಜಕಾರಣ. ಪಾದ್ರಿಗಳ ಮೇಲಣ ಕೋಪವು ಎಷ್ಟೋ ಕಡೆ ವಿವೇಚನೆಯನ್ನು ಮೀರಿದೆ. ಚಿತ್ರಶಿಲ್ಪಗಳ ವಿಷಯದಲ್ಲಿ ಗಯಟೆಯ ಪಾಂಡಿತ್ಯದ ಕಾಲುಭಾಗವೂ ಅವನಲ್ಲಿಲ್ಲ. ಆದರೂ 1803ರಲ್ಲಿ ಪ್ರಕಟವಾದ ಅವನ ‘ಸಿರಾಕ್ಯೂಸಿಗೆ ಕಾಲ್ನಡಿಗೆ’ಯಲ್ಲಿ ಚಳಿಯು ಉದ್ದೀಪನವಲ್ಲ, ಒಂದು ಪಾತ್ರ. ಅದು ಅವನನ್ನು ಬಡವರ ಒಲೆಯ ಬಳಿಗೆ ಕಳುಹಿಸುತ್ತದೆ.

ಮೂರನೆಯವನು ನಮ್ಮ ಕಾಲಕ್ಕೆ ಸಮೀಪದವನಾದ ಜೋಸೆಫ್ ಬ್ರಾಡ್‌ಸ್ಕಿ. 1972ರಲ್ಲಿ ರಷ್ಯದಿಂದ ಗಡಿಪಾರಾದ ಈ ಕವಿಯು ಅದೇ ವರ್ಷದ ಚಳಿಗಾಲದಲ್ಲಿ ವೆನಿಸಿಗೆ ಮೊದಲ ಸಲ ಬಂದನು. ಮುಂದೆ ಹದಿನೇಳು ವರ್ಷಗಳ ಕಾಲ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲಿಯೂ ಬಂದನು. ಈ ವಿಷಯವಾದ ಅವನ ಗ್ರಂಥವು 1989ರಲ್ಲಿ ಇಟಾಲಿಯನ್ನಿನಲ್ಲಿಯೂ, 1992ರಲ್ಲಿ ‘ವಾಟರ್‌ಮಾರ್ಕ್’ ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿಯೂ ಹೊರಬಂದಿತು. ಗದ್ಯದ ಸೊಬಗಿನಲ್ಲಿ ಮೂರರ ಪೈಕಿ ಇದೇ ಶ್ರೇಷ್ಠವೆನ್ನಲು ನಮಗೆ ಸಂಕೋಚವಿಲ್ಲ. ನೀರು, ಮಂಜು, ಬೆಂಕಿಯಿಲ್ಲದ ಕೋಣೆಯ ಶೀತ ಇವುಗಳ ವರ್ಣನೆಯನ್ನು ಓದಿದವರು ಮರೆಯಲಾರರು. ನೀರಿನ ಮೇಲಿನ ನಗರದಲ್ಲಿ ಹುಟ್ಟಿ, ಅಲ್ಲಿಗೆ ಮರಳಲಾರದವನು ಇನ್ನೊಂದು ನೀರಿನ ನಗರದಲ್ಲಿ ಅದರ ಛಾಯೆಯನ್ನು ಅರಸಿದನು. ಇಲ್ಲಿ ಚಳಿಗಾಲವು ಶುದ್ಧವಾದ ಉದ್ದೀಪನವಿಭಾವ. ಆಲಂಬನವು ಕಣ್ಣೆದುರಿನ ವೆನಿಸ್ ಅಲ್ಲ, ಕಳೆದುಕೊಂಡ ಲೆನಿನ್‌ಗ್ರಾಡ್. ಆದುದರಿಂದಲೇ ಗ್ರಂಥದಲ್ಲಿ ಕಾಣಿಸಿಕೊಳ್ಳುವ ಮನುಷ್ಯರು ಬಹುಮಟ್ಟಿಗೆ ಸಾಹಿತ್ಯವಲಯದವರು, ಸಿರಿವಂತ ಮನೆತನದವರು. ದೋಣಿಯಿಂದ ಸಾಮಾನು ಇಳಿಸುವವರ ಮುಖಗಳು ಸ್ಪಷ್ಟವಾಗುವುದಿಲ್ಲ. 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ವೆನಿಸಿನಲ್ಲಿ 2022ರ ವೇಳೆಗೆ 50,000ಕ್ಕೂ ಕಡಮೆ ಜನರು ಉಳಿದರು. ಬ್ರಾಡ್‌ಸ್ಕಿಯು ಬಂದುಹೋದ ವರ್ಷಗಳು ಈ ವಲಸೆಯ ನಡುವಣ ವರ್ಷಗಳೇ. ಜನವಿರಳವಾದ ಚಳಿಗಾಲದ ಬೀದಿಯು ಯಾತ್ರಿಕನಿಗೆ ಚೆಲುವು. ನೆರೆಮನೆಯು ಬರಿದಾದವನಿಗೆ ಅದು ಚೆಲುವೆ?

ಬ್ರಾಡ್‌ಸ್ಕಿಯ ಗ್ರಂಥವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದನ್ನು ಆತ್ಮಕಾವ್ಯವೆಂದು ಓದಿದರೆ ಅದಕ್ಕೆ ಸಲ್ಲಬೇಕಾದುದೆಲ್ಲ ಸಲ್ಲುತ್ತದೆ. ವೆನಿಸಿನ ಸಾಕ್ಷ್ಯವೆಂದು ಓದಿದರೆ ಮೋಸ ಹೋಗುತ್ತೇವೆ. ಪ್ರವಾಸಿಯ ಏಕಾಂತವನ್ನೇ ಗುಣವೆಂದು ಹೊಗಳುವ ಅಭ್ಯಾಸವು ಈಗ ಬೆಳೆಯುತ್ತಿದೆ. ಮೇಲ್ಕಂಡ ಮೂರು ಗ್ರಂಥಗಳಿಂದ ತಿಳಿಯುವುದೇನೆಂದರೆ, ಏಕಾಂತವು ಬರಿಯ ಅವಕಾಶ. ಅದು ಒಬ್ಬನಿಗೆ ಗ್ರಂಥಾಲಯವಾಯಿತು, ಇನ್ನೊಬ್ಬನಿಗೆ ಕನ್ನಡಿಯಾಯಿತು, ಮತ್ತೊಬ್ಬನಿಗೆ ಮಾತ್ರ ಬಾಗಿಲಾಯಿತು. ಅಧ್ಯಾಪಕರು ಪ್ರವಾಸಸಾಹಿತ್ಯವನ್ನು ಬೋಧಿಸುವಾಗ ಶೈಲಿಯ ಜೊತೆಗೆ ಈ ಭೇದವನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಸೊಯ್ಮೆಯಂಥವರಿಗೆ ಸಲ್ಲಬೇಕಾದ ಸ್ಥಾನವು ಸಂದೀತು. ತನ್ನ ಗ್ರಂಥವನ್ನು ಮುಗಿಸುವಾಗ ಅವನು ಸ್ಮರಿಸಿದುದು ಯಾವ ದೊರೆಯನ್ನೂ ಅಲ್ಲ, ಕಲಾದೇವಿಯನ್ನೂ ಅಲ್ಲ. ಹೊರಟಾಗ ತೊಟ್ಟ ಜೋಡುಗಳಲ್ಲಿಯೇ ಸಿರಾಕ್ಯೂಸನ್ನು ಮುಟ್ಟಿ ಹಿಂದಿರುಗಿದೆನೆಂದು ಹೇಳಿ, ಅವನ್ನು ಹೊಲಿದುಕೊಟ್ಟ ಲೈಪ್ಸಿಗಿನ ಮುದಿ ಚಮ್ಮಾರನನ್ನು ಹೆಸರೆತ್ತಿ ಕೊಂಡಾಡಿದನು.